ಸ್ವಿಂಗ್ ಕಲಿಯಬೇಕಾ? ಮೊದಲು ಮಣಿಕಟ್ಟು ತಿರುಗಿಸುವುದನ್ನು ಬಿಡಿ

ದಾವಣಗೆರೆಯ ಹೈಸ್ಕೂಲ್ ಮೈದಾನಕ್ಕೆ ಭಾನುವಾರ ಬೆಳಿಗ್ಗೆ ಹೋದರೆ ಒಂದೇ ಮೈದಾನದಲ್ಲಿ ಎಷ್ಟು ಮ್ಯಾಚ್ ನಡೆಯುತ್ತಿವೆ ಅಂತ ಎಣಿಸುವುದೇ ಕಷ್ಟ. ಒಬ್ಬರ ಫೀಲ್ಡರ್ ಇನ್ನೊಬ್ಬರ ಪಿಚ್ ಪಕ್ಕದಲ್ಲೇ ನಿಂತಿರುತ್ತಾನೆ. ಹೆಚ್ಚಿನವರ ಕೈಯಲ್ಲಿ ಇರುವುದು ಟೆನಿಸ್ ಬಾಲ್. ನಮ್ಮ ಕಡೆ ಹುಡುಗರು ಬೌಲಿಂಗ್ ಕಲಿಯುವುದೇ ಅದರಲ್ಲಿ. ಮುಂದೆ ಕಾಲೇಜ್ ಟೀಮಿಗೋ ಕ್ಲಬ್ ನೆಟ್ಸ್‌ಗೋ ಹೋದಾಗ ಮೊದಲ ಸಲ ಲೆದರ್ ಬಾಲ್ ಕೈಗೆ ಬರುತ್ತದೆ, ಆಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ: ಇದನ್ನ ಸ್ವಿಂಗ್ ಮಾಡುವುದು, ಅಂದರೆ ಗಾಳಿಯಲ್ಲೇ ಪಕ್ಕಕ್ಕೆ ಹೊರಳಿಸುವುದು ಹೇಗೆ?

ಪಕ್ಕದಲ್ಲಿ ನಿಂತವರು ಯಾರೋ ಹೇಳುತ್ತಾರೆ, "ಬಿಡುವಾಗ ಮಣಿಕಟ್ಟು ಸ್ವಲ್ಪ ತಿರುಗಿಸು." ಈ ಸಲಹೆ ತಪ್ಪು. ಸ್ವಲ್ಪ ತಪ್ಪಲ್ಲ, ಪೂರ್ತಿ ಉಲ್ಟಾ. ಕೈ ತಿರುಗಿಸಿದಷ್ಟೂ ಬಾಲ್ ಸ್ವಿಂಗ್ ಆಗುವ ಸಾಧ್ಯತೆ ಕಮ್ಮಿಯಾಗುತ್ತದೆ. ಒಳ್ಳೆಯ ತೋಳು, ಒಳ್ಳೆಯ ರನ್ನಪ್ ಇರುವ ಹುಡುಗರೂ ಈ ಒಂದು ಮಾತನ್ನು ನಂಬಿ ವರ್ಷಗಟ್ಟಲೆ ಅಲ್ಲೇ ಸಿಕ್ಕಿಕೊಂಡಿರುತ್ತಾರೆ. ಅದಕ್ಕೇ ಇದನ್ನು ಬುಡದಿಂದ ಬಿಡಿಸಿ ಹೇಳಬೇಕು ಅನ್ನಿಸಿತು.

ಈ ತಿರುಗಿಸುವ ಚಟ ಎಲ್ಲಿಂದ ಬಂತು ಅಂದರೆ, ಟೆನಿಸ್ ಬಾಲ್‌ನಿಂದಲೇ. ಅದರ ತೂಕ 60 ಗ್ರಾಂ ಕೂಡ ಇರುವುದಿಲ್ಲ. ಮೈತುಂಬ ಒಂದೇ ಥರದ ಉಣ್ಣೆಯಂಥ ಹೊದಿಕೆ. ಎಡಗಡೆಯೂ ಒರಟು, ಬಲಗಡೆಯೂ ಅಷ್ಟೇ ಒರಟು. ಎತ್ತಿಕೊಂಡ ಹೊಲಿಗೆ ಅಂತೂ ಇಲ್ಲವೇ ಇಲ್ಲ. ಹಾಗಾಗಿ ಅದನ್ನು ಅತ್ತಿತ್ತ ಹೊರಳಿಸಬೇಕು ಅಂದರೆ ಬೆರಳಿನಿಂದಲೋ ಮಣಿಕಟ್ಟಿನಿಂದಲೋ ಸುತ್ತಿಸಿ, ನೆಲಕ್ಕೆ ಬಿದ್ದ ಮೇಲೆ ಕಟ್ ಆಗುವ ಹಾಗೆ ಮಾಡುವುದೇ ಸುಲಭದ ದಾರಿ. ಟೆನಿಸ್ ಬಾಲ್‌ಗೆ ಅದು ಸರಿಯಾದ ವಿದ್ಯೆಯೇ. ಆದರೆ ಅದೇ ಕೈಯನ್ನು ಲೆದರ್ ಬಾಲ್‌ಗೆ ಹಾಕಿದಾಗ ಕೆಲಸ ಕೆಡುತ್ತದೆ, ಯಾಕೆಂದರೆ ಸ್ವಿಂಗ್ ಅನ್ನುವುದು ನೆಲಕ್ಕೆ ಬೀಳುವ ಮೊದಲೇ, ಗಾಳಿಯಲ್ಲೇ ಆಗುವಂಥದ್ದು. ಅದನ್ನು ಮಾಡುವುದು ಗಾಳಿ. ಬೌಲರ್ ಮಾಡುವುದು ಗಾಳಿಗೆ ಬೇಕಾದ ಹಾಗೆ ಬಾಲನ್ನು ಹಿಡಿದು ಕೊಡುವ ಕೆಲಸ ಮಾತ್ರ.

ಲೆದರ್ ಬಾಲನ್ನು ಒಮ್ಮೆ ಕೈಯಲ್ಲಿ ಹಿಡಿದು ಚೆನ್ನಾಗಿ ನೋಡಿ. ತೂಕ 156ರಿಂದ 163 ಗ್ರಾಂ. ಒಳಗೆ ಕಾರ್ಕ್, ಅದರ ಸುತ್ತ ಬಿಗಿಯಾಗಿ ಸುತ್ತಿದ ದಾರ, ಮೇಲೆ ಚರ್ಮ. ಎರಡು ಅರ್ಧಗಳನ್ನು ಕೂಡಿಸುವ ಕಡೆ ಆರು ಸಾಲು ಹೊಲಿಗೆ. ಇದೇ ಸೀಮ್. ನಮ್ಮಲ್ಲಿ ಟೆಸ್ಟ್‌ಗೂ ರಣಜಿಗೂ ಬಳಸುವ ಎಸ್‌ಜಿ ಬಾಲ್‌ನ ಸೀಮ್ ಕೈಯಿಂದ ಹೊಲಿದದ್ದು, ಹೆಬ್ಬೆರಳು ಆಡಿಸಿದರೆ ದಿಣ್ಣೆ ಹಾಗೆ ಎದ್ದು ನಿಂತಿರುವುದು ಗೊತ್ತಾಗುತ್ತದೆ. ಈ ಪುಟ್ಟ ದಿಣ್ಣೆಯೇ ಸ್ವಿಂಗ್‌ನ ಮೂಲ.

ಹೇಗೆ? ಬಾಲ್ ಗಾಳಿಯಲ್ಲಿ ಹೋಗುವಾಗ ಅದರ ಮೈಗೆ ಅಂಟಿಕೊಂಡ ಹಾಗೆ ತೆಳ್ಳನೆಯ ಒಂದು ಗಾಳಿಯ ಪದರ ಹರಿಯುತ್ತಿರುತ್ತದೆ. ಮೈ ನುಣುಪಾಗಿದ್ದರೆ ಆ ಪದರವೂ ನುಣುಪಾಗಿ ಹರಿಯುತ್ತದೆ, ಆದರೆ ಅದಕ್ಕೆ ಕಸುವು ಕಮ್ಮಿ, ಬಾಲ್‌ನ ನಡುಭಾಗ ಬರುವಷ್ಟರಲ್ಲೇ ಮೈ ಬಿಟ್ಟು ಹೋಗುತ್ತದೆ. ದಾರಿಯಲ್ಲಿ ಸೀಮ್ ಅಡ್ಡ ಸಿಕ್ಕಿದರೆ ಆ ಪದರ ಎಡವಿ, ಕಲಕಿಹೋಗುತ್ತದೆ. ಕಲಕಿದ ಗಾಳಿಗೆ ಕಸುವು ಜಾಸ್ತಿ, ಅದು ಬಾಲ್‌ನ ಹಿಂಭಾಗದವರೆಗೂ ಮೈಗೆ ಅಂಟಿಕೊಂಡೇ ಹೋಗುತ್ತದೆ. ಕೇಳುವುದಕ್ಕೆ ವಿಚಿತ್ರ, ಆದರೆ ನಡೆಯುವುದು ಹೀಗೇ.

ಈಗ ಸೀಮನ್ನು ಸ್ವಲ್ಪ ಓರೆಯಾಗಿ, ಸ್ಲಿಪ್ ಕಡೆ (ಕೀಪರ್ ಪಕ್ಕದ ಫೀಲ್ಡರ್ ಕಡೆ, ಬೌಲರ್‌ಗೆ ಅದು ಎಡಗಡೆ) ತಿರುಗಿಸಿ ಹಿಡಿದು ಬಾಲ್ ಬಿಟ್ಟಿರಿ ಅಂದುಕೊಳ್ಳಿ. ಎಡಗಡೆಯ ಗಾಳಿಗೆ ಸೀಮ್ ಅಡ್ಡ ಬರುತ್ತದೆ, ಬಲಗಡೆಯ ಗಾಳಿಗೆ ಬರುವುದಿಲ್ಲ. ಎಡಗಡೆ ಗಾಳಿ ಹಿಂದಿನವರೆಗೂ ಸುತ್ತಿಕೊಂಡು ಬಂದು ಬಲಕ್ಕೆ ಓಡುತ್ತದೆ. ಗಾಳಿಯನ್ನು ಬಲಕ್ಕೆ ತಳ್ಳಿದ ಬಾಲ್ ತಾನು ಎಡಕ್ಕೆ ಸರಿಯಲೇಬೇಕು. ಅಷ್ಟೇ. ಬಲಗೈ ಬ್ಯಾಟ್ಸ್‌ಮನ್‌ಗೆ ಅದು ಔಟ್‌ಸ್ವಿಂಗ್, ಅಂದರೆ ಅವನಿಂದ ಆಚೆಗೆ ಹೋಗುವ ಬಾಲ್. ಬಾಲ್ ಹೊಸದಿದ್ದಾಗ ಸೀಮ್ ಯಾವ ಕಡೆ ಮುಖ ಮಾಡಿರುತ್ತದೋ ಆ ಕಡೆಗೆ ಹೋಗುತ್ತದೆ. ಇದೊಂದನ್ನು ನೆನಪಿಟ್ಟುಕೊಂಡರೆ ಉಳಿದದ್ದೆಲ್ಲ ತಾನಾಗಿ ಅರ್ಥವಾಗುತ್ತದೆ.

ಇದೆಲ್ಲ ನಡೆಯಬೇಕಾದರೆ ಸೀಮ್ ದಾರಿಯುದ್ದಕ್ಕೂ ಅದೇ ಕೋನದಲ್ಲಿ ನಿಲ್ಲಬೇಕು. ಅಲ್ಲಾಡಿದರೆ ಒಮ್ಮೆ ಎಡಗಡೆ ಗಾಳಿ ಕಲಕುತ್ತದೆ, ಮರುಕ್ಷಣ ಬಲಗಡೆ, ಎರಡೂ ಸೇರಿ ಲೆಕ್ಕ ಸರಿಸಮ. ಬಾಲ್ ನೇರ ಹೋಗುತ್ತದೆ. ಸೀಮ್ ನಿಲ್ಲುವುದಕ್ಕೆ ಬೇಕಾಗಿರುವುದು ಹಿಮ್ಮುಖ ಸುತ್ತು, ಅಂದರೆ ಬ್ಯಾಕ್‌ಸ್ಪಿನ್. ಬುಗುರಿ ಜೋರಾಗಿ ತಿರುಗುವಾಗ ನೆಟ್ಟಗೆ ನಿಲ್ಲುತ್ತದೆ, ಸುತ್ತು ಕಮ್ಮಿಯಾದ ಹಾಗೆ ತೂರಾಡುತ್ತದೆ ಅಲ್ವಾ, ಇಲ್ಲಿಯೂ ಅದೇ ನಿಯಮ. ಬಾಲ್ ತನ್ನ ಸೀಮ್ ಉದ್ದಕ್ಕೆ ಹಿಂದಕ್ಕೆ ಸುತ್ತುತ್ತಾ ಹೋದರೆ ಸೀಮ್ ಕದಲುವುದಿಲ್ಲ. ನೀವು ಮಣಿಕಟ್ಟನ್ನು ಪಕ್ಕಕ್ಕೆ ತಿರುಗಿಸಿದಿರೋ, ಆ ಸುತ್ತು ಓರೆಯಾಗುತ್ತದೆ, ಸೀಮ್ ತೂರಾಡುತ್ತದೆ, ಸ್ವಿಂಗ್ ಹೋಯಿತು.

ಇದನ್ನು ಗಾಳಿಸುರಂಗದಲ್ಲಿ ಅಳೆದು ನೋಡಿದವರೂ ಇದ್ದಾರೆ. ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ರಬೀಂದ್ರ ಮೆಹ್ತಾ ಮತ್ತು ಜೊತೆಗಾರರು ಮಾಡಿದ ಪ್ರಯೋಗಗಳ ವಿವರ 1983ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಮೆಹ್ತಾ ಆಮೇಲೆ ನಾಸಾದಲ್ಲಿ ಕೆಲಸ ಮಾಡಿದರು. ಅವರಿಗೆ ಸಿಕ್ಕ ಉತ್ತರ ಹೊಸ ಬೌಲರ್‌ಗೆ ತುಂಬಾ ಖುಷಿ ಕೊಡುವಂಥದ್ದು. ಸೀಮ್ ಸುಮಾರು 20 ಡಿಗ್ರಿ ಓರೆ ಇದ್ದು, ಸೆಕೆಂಡಿಗೆ ಸುಮಾರು 11 ಸುತ್ತು ಬ್ಯಾಕ್‌ಸ್ಪಿನ್ ಇದ್ದು, ವೇಗ ಗಂಟೆಗೆ 110 ಕಿ.ಮೀ. ಆಸುಪಾಸು ಇದ್ದಾಗ ಸ್ವಿಂಗ್ ಚೆನ್ನಾಗಿ ಆಗುತ್ತದೆ. ವೇಗ ಅದಕ್ಕಿಂತ ತುಂಬಾ ಜಾಸ್ತಿಯಾದರೆ ಎರಡೂ ಕಡೆಯ ಗಾಳಿ ತಾನಾಗಿ ಕಲಕಿ ಸ್ವಿಂಗ್ ಕಮ್ಮಿಯಾಗುತ್ತಾ ಹೋಗುತ್ತದೆ. ಅಂದರೆ 140ರಲ್ಲಿ ಹಾಕಲು ಬರದಿದ್ದರೂ ಚಿಂತೆಯಿಲ್ಲ. 90, 100ರಲ್ಲಿ ಹಾಕುವ ಹುಡುಗನಿಗೂ ಸ್ವಿಂಗ್ ಒಲಿಯುತ್ತದೆ.

ನಮ್ಮೂರಿನವರೇ ಆದ ವಿನಯ್ ಕುಮಾರ್ ಅವರನ್ನು ನೋಡಿ. ದಾವಣಗೆರೆ ಎಕ್ಸ್‌ಪ್ರೆಸ್ ಅಂತ ಹೆಸರು ಬಂದರೂ ಅವರು ಮಿಂಚಿನ ವೇಗದ ಬೌಲರ್ ಏನಲ್ಲ, ಮೀಡಿಯಂ ಪೇಸರ್. ಆದರೂ ಪ್ರಥಮ ದರ್ಜೆಯಲ್ಲಿ 504 ವಿಕೆಟ್. 2013-14 ಮತ್ತು 2014-15ರಲ್ಲಿ ಕರ್ನಾಟಕ ಬೆನ್ನುಬೆನ್ನಿಗೆ ರಣಜಿ ಗೆದ್ದಾಗ ಕ್ಯಾಪ್ಟನ್ ಅವರೇ. ಇಷ್ಟು ವಿಕೆಟ್ ಸುಮ್ನೆ ಜೋರಾಗಿ ಹಾಕಿ ಬರುವುದಿಲ್ಲ. ನೆಟ್ಟಗಿನ ಸೀಮ್, ಬಿಡದೆ ಒಂದೇ ಜಾಗದಲ್ಲಿ ಹಾಕುವ ತಾಳ್ಮೆ, ಎರಡೂ ಬೇಕು. ಅವರ ಹಳೆಯ ಸ್ಪೆಲ್‌ಗಳ ವಿಡಿಯೊ ಸಿಕ್ಕರೆ ಬ್ಯಾಟ್ಸ್‌ಮನ್‌ನನ್ನು ಬಿಟ್ಟು ಬಾಲ್‌ನ ಸೀಮನ್ನೇ ನೋಡುತ್ತಾ ಕೂರಿ.

ಇನ್ನು ಹಿಡಿತ. ಔಟ್‌ಸ್ವಿಂಗ್‌ನಿಂದಲೇ ಶುರು ಮಾಡೋಣ. ಇಲ್ಲಿ ಹೇಳುವುದೆಲ್ಲ ಬಲಗೈ ಬೌಲರ್, ಬಲಗೈ ಬ್ಯಾಟ್ಸ್‌ಮನ್ ಲೆಕ್ಕ, ಎಡಗೈಯವರು ಉಲ್ಟಾ ಮಾಡಿಕೊಳ್ಳಿ. ತೋರುಬೆರಳು ಮತ್ತು ನಡುಬೆರಳನ್ನು ಸೀಮ್‌ನ ಎರಡೂ ಬದಿಗೆ, ಒಂದಕ್ಕೊಂದು ಹತ್ತಿರವಾಗಿಯೇ ಇಡಿ. ಹೆಬ್ಬೆರಳಿನ ಬದಿ ಕೆಳಗಡೆ ಸೀಮ್ ಮೇಲೆ ಬರಲಿ. ಉಂಗುರಬೆರಳು ಮಡಚಿ ಪಕ್ಕಕ್ಕೆ ಸುಮ್ಮನೆ ಆಸರೆಗೆ. ಸೀಮ್ ಮೊದಲನೇ ಅಥವಾ ಎರಡನೇ ಸ್ಲಿಪ್ ಕಡೆ ನೋಡುತ್ತಿರಬೇಕು, ಹೊಳಪಿನ ಬದಿ ನಿಮ್ಮ ಬಲಗಡೆಗೆ, ಅಂದರೆ ಬ್ಯಾಟ್ಸ್‌ಮನ್‌ನ ಲೆಗ್ ಸೈಡ್ ಕಡೆಗೆ.

ಹೆಚ್ಚು ಜನ ಎಡವುವುದು ಬಾಲನ್ನು ಅಂಗೈಯೊಳಗೆ ತುರುಕಿಕೊಂಡು. ಹಿಡಿದಾಗ ಬಾಲ್‌ಗೂ ಅಂಗೈಗೂ ನಡುವೆ ಬೆಳಕು ಕಾಣುವಷ್ಟು ಜಾಗ ಇರಬೇಕು. ಬೆರಳ ತುದಿಯಲ್ಲಿ ಹಿಡಿದರೆ ಬೀಳುತ್ತೇನೋ ಅನ್ನುವ ಭಯ ಮೊದಮೊದಲು ಇರುತ್ತದೆ, ಬೀಳುವುದಿಲ್ಲ. ಗಟ್ಟಿಯಾಗಿ ಹಿಸುಕಿ ಹಿಡಿದರೆ ಮಣಿಕಟ್ಟು ಬಿಗಿಯಾಗುತ್ತದೆ, ಬಿಗಿಯಾದ ಮಣಿಕಟ್ಟಿನಿಂದ ಬ್ಯಾಕ್‌ಸ್ಪಿನ್ ಬರುವುದಿಲ್ಲ.

ಬಿಡುವಾಗ ಮಣಿಕಟ್ಟು ಬಾಲ್‌ನ ಹಿಂದೆಯೇ ಇರಲಿ. ಕೊನೆಗೆ ಬಾಲ್‌ಗೆ ತಾಗುವುದು ಆ ಎರಡು ಬೆರಳ ತುದಿ, ಅವು ಸೀಮ್ ಉದ್ದಕ್ಕೂ ಕೆಳಮುಖವಾಗಿ ಎಳೆದು ಬಿಡಬೇಕು. ತಿರುವು ಇಲ್ಲ, ಎಳೆತ ಮಾತ್ರ. ಸರಿಯಾಗಿ ಬಿಟ್ಟ ಬಾಲ್ ಕಣ್ಣಿಗೆ ಹೇಗೆ ಕಾಣುತ್ತದೆ ಗೊತ್ತಾ? ಸೀಮ್ ಬಿಳಿ ಪಟ್ಟಿ ಹಾಗೆ ಒಂದೇ ಕಡೆ ನಿಂತಿರುತ್ತದೆ, ಆಚೆ ಈಚೆ ಕೆಂಪು ಬೇರೆ ಬೇರೆಯಾಗಿ ಕಾಣುತ್ತದೆ. ತಪ್ಪಾಗಿ ಬಿಟ್ಟರೆ ಬಿಳಿ ಕೆಂಪು ಎಲ್ಲ ಕಲಸಿಹೋಗಿ ಪೂರ್ತಿ ಮಸುಕು ಮಸುಕು. ಕೀಪರ್‌ಗೆ ಹೇಳಿಡಿ, ಪ್ರತಿ ಬಾಲ್‌ಗೂ "ನಿಂತಿತ್ತು", "ಅಲ್ಲಾಡ್ತು" ಅಂತ ಕೂಗಲಿ. ಅವನಷ್ಟು ಚೆನ್ನಾಗಿ ಬೇರೆ ಯಾರಿಗೂ ಕಾಣುವುದಿಲ್ಲ.

ಇದನ್ನು ಕಲಿಯಲು ಪಿಚ್ಚೇ ಬೇಕು ಅಂತಿಲ್ಲ. ಮನೆಯಲ್ಲಿ ಮಂಚದ ಮೇಲೆ ಅಂಗಾತ ಮಲಗಿ ಬಾಲನ್ನು ನೇರ ಮೇಲಕ್ಕೆ, ಬೆರಳ ಎಳೆತದಿಂದಲೇ ಎಸೆದು ಹಿಡಿಯಿರಿ. ಸೀಮ್ ನಿಂತಿದೆಯಾ ನೋಡಿ. ಹಳೆಯ ಬಾಲ್ ಒಂದಕ್ಕೆ ಅರ್ಧ ಭಾಗ ಬಿಳಿ ಬಣ್ಣ ಬಳಿದಿಟ್ಟುಕೊಂಡರೆ ಇನ್ನೂ ಸುಲಭ, ಸ್ವಲ್ಪ ಅಲ್ಲಾಡಿದರೂ ಎರಡು ಬಣ್ಣ ಬೆರೆತು ಕಾಣುತ್ತದೆ. ಆಮೇಲೆ ಗೆಳೆಯನೊಬ್ಬನನ್ನು ಎದುರಿಗೆ ನಿಲ್ಲಿಸಿಕೊಂಡು, ನಿಂತಲ್ಲಿಂದಲೇ ಅರ್ಧ ವೇಗದಲ್ಲಿ ಹಾಕಿ. ಆಮೇಲೆ ಮೂರು ನಾಲ್ಕು ಹೆಜ್ಜೆ. ಪೂರ್ತಿ ರನ್ನಪ್ ಕೊನೆಗೆ ಇರಲಿ. ಮೊಬೈಲ್‌ನಲ್ಲಿ ಸ್ಲೋ ಮೋಷನ್ ಇದ್ದೇ ಇರುತ್ತದೆ, ಬೌಲರ್ ಹಿಂದುಗಡೆಯಿಂದ ತೆಗೆಸಿ, ಕೈಯಿಂದ ಬಾಲ್ ಬಿಡುವ ಆ ಕ್ಷಣವನ್ನೇ ಮತ್ತೆ ಮತ್ತೆ ನೋಡಿ. ಕೋಚ್ ಇಲ್ಲದ ಊರಿನ ಹುಡುಗರಿಗೆ ಈ ಮೊಬೈಲ್ ಎಷ್ಟು ದೊಡ್ಡ ಉಪಕಾರ ಮಾಡುತ್ತಿದೆ ಅಂದರೆ, ಅದನ್ನು ಬಳಸದೆ ಇರುವವರನ್ನು ನೋಡಿದರೆ ನನಗೆ ನಿಜಕ್ಕೂ ಬೇಜಾರಾಗುತ್ತದೆ.

ಬೌಲಿಂಗ್ ಆ್ಯಕ್ಷನ್ ಬಗ್ಗೆ ಒಂದೇ ಮಾತು. ಸ್ವಿಂಗ್ ಆಸೆಗೆ ಯಾರದ್ದೋ ಆ್ಯಕ್ಷನ್ ಕಾಪಿ ಮಾಡಬೇಡಿ. ಸೊಂಟ ಒಂದು ಕಡೆ, ಭುಜ ಇನ್ನೊಂದು ಕಡೆ ತಿರುಚಿಕೊಂಡು ಹಾಕಿದರೆ ಬೆನ್ನಿನ ಕೆಳಭಾಗಕ್ಕೆ ಪೆಟ್ಟು ಬೀಳುತ್ತದೆ, ಬೆಳೆಯುವ ವಯಸ್ಸಿನ ಹುಡುಗರಿಗಂತೂ ಅಪಾಯ ಜಾಸ್ತಿ.

ಸೀಮ್ ನಿಲ್ಲುತ್ತಿದೆ, ಆದರೂ ಸ್ವಿಂಗ್ ಕಾಣುತ್ತಿಲ್ಲ ಅಂದರೆ ನಿಮ್ಮ ಲೆಂತ್, ಅಂದರೆ ಬಾಲ್ ಎಷ್ಟು ದೂರಕ್ಕೆ ಬೀಳುತ್ತಿದೆ ಅನ್ನುವುದನ್ನು ನೋಡಿಕೊಳ್ಳಿ. ಬಹಳ ಜನ ಗಮನಿಸದ ವಿಷಯ ಇದು. ಸಣ್ಣ ಲೆಕ್ಕ ಹಾಕೋಣ. ಗಂಟೆಗೆ 90 ಕಿ.ಮೀ. ಅಂದರೆ ಸೆಕೆಂಡಿಗೆ 25 ಮೀಟರ್. ಬಾಲನ್ನು ಪಕ್ಕಕ್ಕೆ ತಳ್ಳುವ ಬಲ ಅದರ ತೂಕದ ಐದನೇ ಒಂದು ಭಾಗ ಅಂತ ಇಟ್ಟುಕೊಳ್ಳಿ. ಕೈಬಿಟ್ಟು 10 ಮೀಟರ್ ದೂರದಲ್ಲಿ ಬೀಳುವ ಶಾರ್ಟ್ ಬಾಲ್ 0.4 ಸೆಕೆಂಡ್ ಗಾಳಿಯಲ್ಲಿರುತ್ತದೆ, ಅಷ್ಟರಲ್ಲಿ ಪಕ್ಕಕ್ಕೆ ಸರಿಯುವುದು 16 ಸೆಂಟಿಮೀಟರ್. ಅದೇ ಬಾಲನ್ನು 15 ಮೀಟರ್‌ಗೆ, ಅಂದರೆ ಫುಲ್ ಆಗಿ ಹಾಕಿದರೆ 0.6 ಸೆಕೆಂಡ್, ಸರಿಯುವುದು 36 ಸೆಂಟಿಮೀಟರ್! ಮೂರು ಸ್ಟಂಪ್‌ಗಳ ಒಟ್ಟು ಅಗಲವೇ 22.86 ಸೆಂ.ಮೀ. ಅನ್ನುವುದು ನೆನಪಿರಲಿ. ದೂರ ಒಂದೂವರೆ ಪಟ್ಟು, ಸ್ವಿಂಗ್ ಎರಡು ಪಟ್ಟಿಗೂ ಮೇಲೆ. ಕಾರಣ ಇಷ್ಟೇ, ಪಕ್ಕಕ್ಕೆ ತಳ್ಳುವ ಬಲ ಪ್ರತಿ ಕ್ಷಣವೂ ಕೆಲಸ ಮಾಡುತ್ತಲೇ ಇರುತ್ತದೆ, ಪಕ್ಕಕ್ಕೆ ಸರಿಯುವ ವೇಗ ಏರುತ್ತಲೇ ಹೋಗುತ್ತದೆ, ಹಾಗಾಗಿ ಸರಿಯುವುದರಲ್ಲಿ ಮುಕ್ಕಾಲು ಪಾಲು ದಾರಿಯ ಎರಡನೇ ಅರ್ಧದಲ್ಲೇ ಆಗುತ್ತದೆ. ಬ್ಯಾಟ್ಸ್‌ಮನ್‌ಗೆ ಬಾಲ್ "ಕೊನೆಗೆ ಹೊರಳಿತು" ಅನ್ನಿಸುವುದೂ ಇದೇ ಕಾರಣಕ್ಕೆ.

ಫುಲ್ ಹಾಕಿದರೆ ಡ್ರೈವ್ ಹೊಡೆಯುತ್ತಾರೆ, ಬೌಂಡರಿ ಹೋಗುತ್ತದೆ, ನಿಜ. ಟೆನಿಸ್ ಬಾಲ್‌ನಲ್ಲಿ ಫುಲ್ ಹಾಕಿದರೆ ಸಿಕ್ಸ್ ಅನ್ನುವ ಭಯ ಮೈಗೆ ಹತ್ತಿರುತ್ತದೆ, ಅದಕ್ಕೇ ನಮ್ಮ ಹುಡುಗರು ಲೆದರ್ ಬಾಲ್‌ನಲ್ಲೂ ಹಿಂದಕ್ಕೆ ಎಳೆದುಕೊಂಡು ಹಾಕುತ್ತಾರೆ. ಎರಡು ಬೌಂಡರಿ ಹೋದರೂ ಪರವಾಗಿಲ್ಲ. ಡ್ರೈವ್‌ಗೆ ಕೈ ಹಾಕಿದಾಗಲೇ ಎಡ್ಜ್ ಸಿಗುವುದು.

ಬಾಲ್ ನೋಡಿಕೊಳ್ಳುವುದೂ ಬೌಲರ್‌ನ ಕೆಲಸವೇ. ಹೊಸ ಬಾಲ್ ಎರಡೂ ಕಡೆ ನುಣುಪಾಗಿರುತ್ತದೆ, ಆಗ ಸೀಮ್ ಒಂದೇ ಸಾಕು. ಮ್ಯಾಟಿಂಗ್ ಮೇಲೋ ಹುಲ್ಲಿಲ್ಲದ ಗಟ್ಟಿ ನೆಲದ ಮೇಲೋ ಆಡಿದರೆ ಚರ್ಮ ಬೇಗ ತರಚಿಹೋಗುತ್ತದೆ. ಅಷ್ಟರೊಳಗೆ ಯಾವ ಬದಿ ಹೊಳಪಿರಬೇಕು ಅಂತ ತೀರ್ಮಾನ ಮಾಡಿ, ಆ ಬದಿಯನ್ನು ಮಾತ್ರ ಪ್ಯಾಂಟಿಗೆ ಉಜ್ಜುತ್ತಾ ಇರಿ. ಇನ್ನೊಂದು ಬದಿಯ ಗೋಜಿಗೇ ಹೋಗಬೇಡಿ. ಟೀಮಿನ ಹನ್ನೊಂದು ಜನಕ್ಕೂ ಇದು ಗೊತ್ತಿರಬೇಕು, ಒಬ್ಬ ತಿಳಿಯದೆ ಒರಟು ಬದಿ ಉಜ್ಜಿಕೊಟ್ಟರೂ ಮಾಡಿದ್ದೆಲ್ಲ ವ್ಯರ್ಥ. ಬೆವರು ಹಚ್ಚಬಹುದು. ಎಂಜಲು ಹಚ್ಚುವುದನ್ನು ಕೊರೊನಾ ಸಮಯದಲ್ಲಿ, 2020ರಲ್ಲಿ ಐಸಿಸಿ ತಾತ್ಕಾಲಿಕವಾಗಿ ನಿಲ್ಲಿಸಿತ್ತು, 2022ರಲ್ಲಿ ಅದನ್ನೇ ಕಾಯಂ ಮಾಡಿತು. ಉಗುರಿನಿಂದ ಕೆರೆಯುವುದು, ನೆಲಕ್ಕೆ ಉಜ್ಜುವುದು, ಬೇರೆ ಏನಾದರೂ ಸವರುವುದು ಮೋಸ, ಊರ ಮ್ಯಾಚ್ ಆದರೂ ಅಷ್ಟೇ.

ಗಾಳಿಯ ವಿಷಯಕ್ಕೆ ಬಂದರೆ ನಾವು ಅದೃಷ್ಟವಂತರು. ಚಿತ್ರದುರ್ಗದ ಜೋಗಿಮಟ್ಟಿ ಕಡೆ ಗುಡ್ಡಗಳ ಮೇಲೆ ಸಾಲು ಸಾಲು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ ಅಲ್ವಾ. ಆಷಾಢದಲ್ಲಿ ಆ ಊರಿನ ಮೈದಾನದಲ್ಲಿ ನಿಂತರೆ ಟೋಪಿ ತಲೆ ಮೇಲೆ ನಿಲ್ಲುವುದಿಲ್ಲ. ಇಂಥ ದಿನ ಎಲ್ಲರೂ ಗಾಳಿ ಬೆನ್ನಿಗೆ ಬರುವ ಕಡೆಯಿಂದ ಹಾಕಲು ಜಗಳ ಮಾಡುತ್ತಾರೆ. ನೀವು ಸ್ವಿಂಗ್ ಬೌಲರ್ ಆದರೆ ಎದುರುಗಾಳಿಯ ಕಡೆ ಕೇಳಿ ತೆಗೆದುಕೊಳ್ಳಿ. ಪಕ್ಕಕ್ಕೆ ತಳ್ಳುವ ಬಲ, ಬಾಲ್ ಮತ್ತು ಗಾಳಿ ಎದುರುಬದುರಾಗುವ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಬಾಲ್ ಸೆಕೆಂಡಿಗೆ 25 ಮೀಟರ್, ಗಾಳಿ 5 ಮೀಟರ್ ಇದ್ದರೆ, ಎದುರುಗಾಳಿಯಲ್ಲಿ 30ರ ವರ್ಗ 900, ಬೆನ್ನುಗಾಳಿಯಲ್ಲಿ 20ರ ವರ್ಗ 400. ಎರಡು ಪಟ್ಟಿಗೂ ಜಾಸ್ತಿ ವ್ಯತ್ಯಾಸ! ಓಡಿಬರುವುದು ಕಷ್ಟ, ಆದರೆ ಕೂಲಿ ಸರಿಯಾಗಿ ಸಿಗುತ್ತದೆ. ಲೆಗ್ ಸೈಡಿನಿಂದ ಆಫ್ ಸೈಡ್ ಕಡೆಗೆ ಓರೆಯಾಗಿ ಬೀಸುವ ಎದುರುಗಾಳಿ ಇದ್ದರಂತೂ ಔಟ್‌ಸ್ವಿಂಗ್‌ಗೆ ಹಬ್ಬ.

ಮೋಡ ಇದ್ದರೆ ಸ್ವಿಂಗ್ ಜಾಸ್ತಿ ಅನ್ನುವ ಮಾತೂ ಇದೆ. ತೇವದ ಗಾಳಿ ಭಾರ ಇರುತ್ತದೆ ಅನ್ನುವ ಕಾರಣ ಮಾತ್ರ ಸರಿಯಲ್ಲ, ತೇವದ ಗಾಳಿ ಒಣ ಗಾಳಿಗಿಂತ ಹಗುರ. ಬಿಸಿಲಿಗೆ ನೆಲ ಕಾದು ಗಾಳಿ ಮೇಲೇಳುತ್ತಾ ಕಲಕುತ್ತದೆ, ಮೋಡ ಇದ್ದಾಗ ಗಾಳಿ ಶಾಂತವಾಗಿರುತ್ತದೆ, ಅದರಿಂದ ನುಣುಪು ಬದಿಯ ಪದರ ಕೆಡುವುದಿಲ್ಲ ಅನ್ನುವ ವಿವರಣೆ ನನಗೆ ಹೆಚ್ಚು ಒಪ್ಪಿಗೆ. ಹೇಗೂ ಇರಲಿ, ನಮ್ಮ ಕಡೆ ಬೆಳಗಿನ ಹೊತ್ತು, ಬಿಸಿಲೇರುವ ಮೊದಲು ಅಭ್ಯಾಸ ಮಾಡಿದರೆ ದೇಹಕ್ಕೂ ಒಳ್ಳೆಯದು.

ಔಟ್‌ಸ್ವಿಂಗ್ ಕೈಗೆ ಕೂತ ಮೇಲೆ ಇನ್‌ಸ್ವಿಂಗ್, ಅಂದರೆ ಬ್ಯಾಟ್ಸ್‌ಮನ್ ಕಡೆಗೆ ಒಳಗೆ ಬರುವ ಬಾಲ್. ಸೀಮ್ ಫೈನ್ ಲೆಗ್ ಕಡೆ (ಬ್ಯಾಟ್ಸ್‌ಮನ್ ಹಿಂದೆ, ನಿಮ್ಮ ಬಲಕ್ಕೆ), ಹೊಳಪು ಎಡಗಡೆಗೆ, ಹೆಬ್ಬೆರಳಿನ ಮೆತ್ತನೆಯ ಭಾಗ ಸಪಾಟಾಗಿ ಸೀಮ್ ಮೇಲೆ, ತೋಳು ಕಿವಿಗೆ ಹತ್ತಿರವಾಗಿ ಎತ್ತರದಿಂದ ಬರಲಿ. 2012ರ ಡಿಸೆಂಬರ್ 30ರಂದು ಚೆನ್ನೈನಲ್ಲಿ ಪಾಕಿಸ್ತಾನದ ವಿರುದ್ಧ ಭುವನೇಶ್ವರ್ ಕುಮಾರ್ ತಮ್ಮ ಏಕದಿನ ಬದುಕಿನ ಮೊದಲ ಬಾಲ್‌ನಲ್ಲೇ ಮೊಹಮ್ಮದ್ ಹಫೀಜ್ ಅವರನ್ನು ಬೌಲ್ಡ್ ಮಾಡಿದ್ದು ಇಂಥದ್ದೇ ಬಾಲ್‌ನಲ್ಲಿ. ಹೊರಗೆ ಹೋಗುತ್ತದೆ ಅಂತ ಹಫೀಜ್ ಬಿಟ್ಟರು, ಒಳಗೆ ಬಂತು. ಆ ಒಂದು ಬಾಲ್ ನೋಡಿ ಎಲ್ಲರಿಗೂ ಎರಡೂ ಸ್ವಿಂಗ್ ಒಟ್ಟಿಗೇ ಕಲಿಯುವ ಆಸೆ ಬರುತ್ತದೆ. ಬೇಡ. ಎರಡನ್ನೂ ಒಟ್ಟಿಗೆ ಶುರು ಮಾಡಿದರೆ ಕೈಗೆ ಗೊಂದಲ, ಎರಡೂ ಅರ್ಧಂಬರ್ಧ. ರಿವರ್ಸ್ ಸ್ವಿಂಗ್ (ಬಾಲ್ ಸೀಮ್ ನೋಡುವ ಕಡೆಗೆ ಹೋಗದೆ ಉಲ್ಟಾ ಹೊರಳುವುದು) ಅಂತೂ ಈಗ ತಲೆಗೆ ಹಾಕಿಕೊಳ್ಳಲೇಬೇಡಿ, ಅದಕ್ಕೆ ಹಳೆಯ ಬಾಲ್ ಬೇಕು, ಒಳ್ಳೆಯ ವೇಗವೂ ಬೇಕು.

ಬಾಲ್ ಸ್ವಿಂಗ್ ಆಗಲು ಶುರುವಾದ ದಿನ ಹೊಸದೊಂದು ತೊಂದರೆ ಬರುತ್ತದೆ, ವೈಡ್. ಇಷ್ಟು ದಿನ ಆಫ್ ಸ್ಟಂಪ್‌ಗೆ ಗುರಿಯಿಟ್ಟು ಹಾಕುತ್ತಿದ್ದಿರಿ, ಈಗ ಅದೇ ಬಾಲ್ ಹೊರಳಿ ಸ್ಲಿಪ್‌ಗೆ ಹೋಗುತ್ತದೆ, ಅಂಪೈರ್ ಕೈ ಅಗಲ ಮಾಡುತ್ತಾರೆ, ಕ್ಯಾಪ್ಟನ್ ಮುಖ ಸಿಂಡರಿಸುತ್ತಾರೆ. ಆಗ ಹೆದರಿ ಸೀಮ್ ನೇರ ಮಾಡಿಕೊಳ್ಳಬೇಡಿ. ಕೈ ಹಾಗೇ ಇರಲಿ, ಗುರಿಯನ್ನು ಮಾತ್ರ ಮಿಡಲ್ ಸ್ಟಂಪ್‌ಗೋ, ಜಾಸ್ತಿ ಸ್ವಿಂಗ್ ಆಗುತ್ತಿದ್ದರೆ ಲೆಗ್ ಸ್ಟಂಪ್‌ಗೋ ಸರಿಸಿ. ಮೊದಲ ಓವರ್‌ನ ಮೊದಲ ಎರಡು ಬಾಲ್‌ನಲ್ಲಿ ಇವತ್ತು ಎಷ್ಟು ಹೊರಳುತ್ತಿದೆ ಅಂತ ನೋಡಿಕೊಂಡು, ಮೂರನೇ ಬಾಲ್‌ಗೆ ಗುರಿ ಬದಲಿಸಿ.